ಎರಡನೇ ಪಂದ್ಯ ಯಾವಾಗ?

2011ರ ಮಳೆಗಾಲ ಮುಗಿಯುತ್ತಿದ್ದ ಹೊತ್ತು. ನಾನಾಗ ಒಂಬತ್ತನೇ ತರಗತಿಯಲ್ಲಿದ್ದೆ. ಔರಾದ್ ತಾಲ್ಲೂಕಿನ ಹುಡುಗಿಯರ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್ ಆಗಿ ಜಿಲ್ಲಾಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಬೀದರಿಗೆ ಹೋಗಿದ್ದೆ. ಬೆಳಗಿನ ಐದಕ್ಕೆ ಎದ್ದು, ಬುತ್ತಿ ಕಟ್ಟಿಕೊಂಡು, ಟೆಂಪೋದಲ್ಲಿ ಹನ್ನೆರಡು ಹುಡುಗಿಯರು ಹಾಡು ಹೇಳುತ್ತ ನಲವತ್ತು ಕಿಲೋಮೀಟರ್ ಬಂದಿದ್ದೆವು. ನಮ್ಮಲ್ಲಿ ಏಳು ಜನರಿಗೆ ಅದೇ ಮೊದಲ ಸಲ ಬೀದರ್ ನೋಡುವುದು. ಕೋಟೆ ತೋರಿಸುತ್ತೇವೆ ಎಂದು ಪಿ.ಟಿ. ಸರ್ ಮಾತು ಕೊಟ್ಟಿದ್ದರು.

ಹನ್ನೊಂದು ಗಂಟೆಗೆ ನಮ್ಮ ಪಂದ್ಯ. ಎದುರಿಗೆ ಭಾಲ್ಕಿ. ಹದಿನೈದು ನಿಮಿಷದ ಎರಡು ಅವಧಿ. 9-7ರಿಂದ ಸೋತೆವು. ಕೊನೆಯ ಎರಡು ಗೋಲು ನನ್ನ ಕಾಲಿನ ಪಕ್ಕದಲ್ಲೇ ಹೋದವು. ಹನ್ನೊಂದೂವರೆ ದಾಟಿ ಸ್ವಲ್ಪ ಹೊತ್ತಿಗೆ ನಮ್ಮ ಆ ವರ್ಷದ ಹ್ಯಾಂಡ್‌ಬಾಲ್ ಮುಗಿದಿತ್ತು. ಟೆಂಪೋ ಬರುವುದು ಸಂಜೆ ಐದಕ್ಕೆ. ಏನು ಮಾಡಬೇಕು ಎಂದು ನಮ್ಮ ನಾಯಕಿ ಹೋಗಿ ಮೇಜಿನ ಹಿಂದೆ ಕೂತವರನ್ನು ಕೇಳಿದಳು. "ನಿಮ್ದು ಮುಗೀತಲ್ಲ, ಇನ್ನೇನದ? ಅಲ್ಲಿ ಗಿಡದ ಬುಡಕ ಕುಂದರ್ರಿ" ಅಂದರು. ಕುಂತೆವು. ಐದು ತಾಸು ಬೇವಿನ ಗಿಡದ ಕೆಳಗೆ ಕೂತು ಬೇರೆಯವರು ಆಡುವುದನ್ನು ನೋಡಿದೆವು. ಕೋಟೆ ನೋಡಲು ಹೋಗಲಿಲ್ಲ. ಸೋತವರು ಕೋಟೆ ಕೇಳುವುದು ಹೇಗೆ?

ಇದರಲ್ಲಿ ಯಾರ ದುಷ್ಟತನವೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಜಿನ ಹಿಂದಿದ್ದವರು ಬೆಳಗಿನಿಂದ ಚಹಾ ಕೂಡ ಕುಡಿಯದೆ ದುಡಿಯುತ್ತಿದ್ದರು. ನಮ್ಮ ಸರ್ ತಮ್ಮ ಕಿಸೆಯಿಂದ ಬಾಳೆಹಣ್ಣು ಕೊಡಿಸಿದರು. ತಪ್ಪು ಇದ್ದದ್ದು ಗೋಡೆಗೆ ಅಂಟಿಸಿದ್ದ ಒಂದು ಹಾಳೆಯಲ್ಲಿ. ಅದಕ್ಕೆ ಎಲ್ಲರೂ 'ಡ್ರಾ' ಅನ್ನುತ್ತಿದ್ದರು. ಕವಲೊಡೆದ ಗೆರೆಗಳು, ತುದಿಯಲ್ಲಿ ಒಂದು ಹೆಸರು. ಉಳಿದವರೆಲ್ಲ ಔಟ್. ಈ ಲೇಖನ ಆ ಹಾಳೆಯ ಮೇಲಿನ ಜಗಳ. ನಮ್ಮ ಮಕ್ಕಳ ಆಟವನ್ನು ಒಂದೇ ಪಂದ್ಯದ ನಾಕೌಟ್ ಮಾಡಿರುವುದು ಸೋಮಾರಿತನ. ಅದನ್ನು ಶಿಸ್ತು, ಸ್ಪರ್ಧೆ, ಪ್ರತಿಭಾನ್ವೇಷಣೆ ಎಂದು ಕರೆಯುವುದು ಸುಳ್ಳು. ಇದು ನನ್ನ ವಾದ.

*

ಸಂಶೋಧನೆಗೆಂದು ವಿಶ್ವವಿದ್ಯಾಲಯ ಸೇರಿ, ಹಾಸ್ಟೆಲಿನಲ್ಲಿ ಇಂಟರ್‌ನೆಟ್ ಕೈಗೆ ಬಂದ ಮೇಲೆ ನಾನು ಮೊದಲ ಸಲ ಯುರೋಪಿನ ಹ್ಯಾಂಡ್‌ಬಾಲ್ ನೋಡಿದೆ. ನಾವು ಆಡಿದ್ದ ಆಟವೇ. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ಗೋಲಿನ ಮುಂದೆ ಆರು ಮೀಟರಿನ ಗೆರೆ, ಏಳು ಜನ, ಚೆಂಡು ಹಿಡಿದು ಮೂರು ಹೆಜ್ಜೆ. ಆದರೆ ಹೊರಗಿನ ಮಣ್ಣಿನ ಬದಲು ಒಳಾಂಗಣ, ಮೂವತ್ತು ನಿಮಿಷದ ಎರಡು ಅವಧಿ, ಸುತ್ತ ಸಾವಿರಾರು ಜನ. ನೋಡುತ್ತ ನೋಡುತ್ತ ಅಲ್ಲಿನ ಕಪ್‌ಗಳ ಇತಿಹಾಸ ಹುಡುಕುವ ಹುಚ್ಚು ಹಿಡಿಯಿತು. ನಾನು ಬೀದರಿನಲ್ಲಿ ಸೋತ ಆ ವರ್ಷ ಅಲ್ಲಿ ಏನು ನಡೆದಿತ್ತು ಎಂದು ನೋಡಿದೆ.

2011-12. ಯುರೋಪಿನ ಕಪ್ ವಿನ್ನರ್ಸ್ ಕಪ್‌ನ ಗಂಡಸರ ವಿಭಾಗದ ಕೊನೆಯ ಋತು ಅದು. ಬೇರೆ ಬೇರೆ ದೇಶಗಳಲ್ಲಿ ರಾಷ್ಟ್ರೀಯ ಕಪ್ ಗೆದ್ದ ಕ್ಲಬ್‌ಗಳಿಗಾಗಿ 1975-76ರಲ್ಲಿ ಶುರುವಾಗಿದ್ದ ಈ ನಾಕೌಟ್ ಸ್ಪರ್ಧೆಯನ್ನು 2012ರ ನಂತರ ಇಎಚ್‌ಎಫ್ ಕಪ್ ಎಂಬ ಇನ್ನೊಂದು ಸ್ಪರ್ಧೆಯೊಳಗೆ ಕರಗಿಸಿದರು. ಆ ಕೊನೆಯ ಫೈನಲ್‌ನಲ್ಲಿ ಎದುರಾದದ್ದು ಎರಡು ಜರ್ಮನ್ ಕ್ಲಬ್‌ಗಳು: ಫ್ಲೆನ್ಸ್‌ಬುರ್ಗ್-ಹಾಂಡೆವಿಟ್ ಮತ್ತು ಗುಮ್ಮರ್ಸ್‌ಬಾಖ್. ಗುಮ್ಮರ್ಸ್‌ಬಾಖ್ ಹಿಂದಿನ ಎರಡು ವರ್ಷ, 2010 ಮತ್ತು 2011ರಲ್ಲಿ, ಇದೇ ಕಪ್ ಗೆದ್ದಿತ್ತು. ಈ ಸಲ ಫ್ಲೆನ್ಸ್‌ಬುರ್ಗ್ ಗೆದ್ದಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಯಾರು ಗೆದ್ದರು ಎಂಬುದಲ್ಲ. ಅದೂ ನಾಕೌಟ್, ನಮ್ಮದೂ ನಾಕೌಟ್. ಆದರೆ ಅಲ್ಲಿನ ನಾಕೌಟಿನಲ್ಲಿ ಒಂದು ಜೋಡಿಗೆ ಎರಡು ಪಂದ್ಯ. ಒಂದು ನಿಮ್ಮ ಊರಿನಲ್ಲಿ, ಇನ್ನೊಂದು ಅವರ ಊರಿನಲ್ಲಿ. ಎರಡರ ಗೋಲುಗಳನ್ನು ಕೂಡಿಸಿ ಯಾರು ಮುಂದೆ ಎಂದು ತೀರ್ಮಾನಿಸುತ್ತಾರೆ. ಫೈನಲ್ ಕೂಡ ಹಾಗೆಯೇ, ಎರಡು ಊರಲ್ಲಿ, ಎರಡು ದಿನ. ಮೊದಲ ದಿನ ಎರಡು ಗೋಲಿನಿಂದ ಸೋತವರು ಗಿಡದ ಬುಡಕ್ಕೆ ಹೋಗಿ ಕೂಡುವುದಿಲ್ಲ. ಮನೆಗೆ ಹೋಗುತ್ತಾರೆ, ಎಲ್ಲಿ ತಪ್ಪಿತು ಎಂದು ನೋಡುತ್ತಾರೆ, ಇನ್ನೊಂದು ದಿನ ತಮ್ಮ ಜನರ ಮುಂದೆ ಮತ್ತೆ ಆಡುತ್ತಾರೆ.

ಎರಡನೇ ಪಂದ್ಯ ಏನು ಮಾಡಬಲ್ಲದು ಎಂಬುದಕ್ಕೆ 2000ದ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ. ಮೊದಲ ಪಂದ್ಯ ಜರ್ಮನಿಯ ಕೀಲ್ ನಗರದಲ್ಲಿ. ಆತಿಥೇಯರು ಬಾರ್ಸಿಲೋನಾವನ್ನು 28-25ರಿಂದ ಸೋಲಿಸಿದರು. ನಮ್ಮ ಹಾಳೆಯ ಲೆಕ್ಕದಲ್ಲಿ ಬಾರ್ಸಿಲೋನಾ ಔಟ್. ಎರಡನೇ ಪಂದ್ಯ ಬಾರ್ಸಿಲೋನಾದಲ್ಲಿ; ಅವರು 29-24ರಿಂದ ಗೆದ್ದರು. ಕೂಡಿಸಿದರೆ 54-52. ಕಪ್ ಬಾರ್ಸಿಲೋನಾಕ್ಕೆ, ಸತತ ಐದನೇ ಸಲ. ಯುರೋಪಿನಲ್ಲೇ ಆ ಕಾಲದ ಅತ್ಯುತ್ತಮ ತಂಡಕ್ಕೂ ತಾನು ಅತ್ಯುತ್ತಮ ಎಂದು ತೋರಿಸಲು ಎರಡನೇ ಪಂದ್ಯ ಬೇಕಾಯಿತು. ಹದಿನಾಲ್ಕು ವರ್ಷದ ಔರಾದಿನ ಹುಡುಗಿಯರಿಗೆ ಮಾತ್ರ ಅರ್ಧ ಗಂಟೆ ಸಾಕು ಎಂದು ನಾವು ನಿರ್ಧರಿಸಿದ್ದೇವೆ.

*

ಇದನ್ನು ಹೇಳಿದಾಗಲೆಲ್ಲ ನನಗೆ ಸಿಗುವ ಮೊದಲ ಉತ್ತರ: "ಅವ್ರು ಯುರೋಪಿನವ್ರು, ರೊಕ್ಕ ಇದ್ದವ್ರು. ಬೀದರಿಗೂ ಅದಕ್ಕೂ ಎಲ್ಲಿಂದೆಲ್ಲಿಗೆ ಹೋಲಿಸ್ತಿ?"

ಹೋಲಿಸುತ್ತೇನೆ. ಗುಮ್ಮರ್ಸ್‌ಬಾಖ್‌ನ ಜನಸಂಖ್ಯೆ ಸುಮಾರು 50 ಸಾವಿರ. 2011ರ ಜನಗಣತಿಯಲ್ಲಿ ಭಾಲ್ಕಿ ಪಟ್ಟಣದ್ದು ಸುಮಾರು 40 ಸಾವಿರ. ಭಾಲ್ಕಿಗಿಂತ ತುಸು ದೊಡ್ಡದಾದ ಆ ಊರಿನ ಕ್ಲಬ್ 1967ರಿಂದ 1983ರ ನಡುವೆ ಐದು ಸಲ ಯುರೋಪಿಯನ್ ಕಪ್ ಗೆದ್ದಿದೆ. ಫ್ಲೆನ್ಸ್‌ಬುರ್ಗ್ ಡೆನ್ಮಾರ್ಕಿನ ಗಡಿಗೆ ಅಂಟಿಕೊಂಡ ಊರು, ಜನಸಂಖ್ಯೆ ಲಕ್ಷದೊಳಗೆ. ಕ್ಲಬ್ಬಿನ ಹೆಸರಿನ ಎರಡನೇ ಭಾಗವಾದ ಹಾಂಡೆವಿಟ್ ಪಕ್ಕದ ಹಳ್ಳಿ. ಹಳ್ಳಿಯ ತಂಡ ಮತ್ತು ಪಟ್ಟಣದ ತಂಡ ಒಂದಾಗಿ, ಹಳ್ಳಿಯ ಹೆಸರನ್ನೂ ಉಳಿಸಿಕೊಂಡು, 2014ರಲ್ಲಿ ಕೀಲ್ ತಂಡವನ್ನು 30-28ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದವು. ಬೀದರ್ ನಗರದ ಜನಸಂಖ್ಯೆ ಅದೇ 2011ರಲ್ಲಿ ಎರಡು ಲಕ್ಷ ದಾಟಿತ್ತು. ಫ್ಲೆನ್ಸ್‌ಬುರ್ಗ್ ಮತ್ತು ಗುಮ್ಮರ್ಸ್‌ಬಾಖ್ ಎರಡನ್ನೂ ಕೂಡಿಸಿದರೂ ಬೀದರಿಗಿಂತ ಸಣ್ಣವು. ಎರಡು ಭಾಷೆ ಮಾತಾಡುವ, ರಾಜಧಾನಿಯಿಂದ ದೂರದ ಗಡಿ ಊರು ಎಂದರೆ ಏನೆಂದು ಫ್ಲೆನ್ಸ್‌ಬುರ್ಗ್‌ನವರಿಗೆ ನಾವು ವಿವರಿಸಬೇಕಿಲ್ಲ. ಅವರೂ ಅದನ್ನೇ ಬಾಳುತ್ತಾರೆ.

ರೊಕ್ಕದಲ್ಲಿ ನಾವು ಅವರ ಹತ್ತಿರವೂ ಬರುವುದಿಲ್ಲ, ಒಪ್ಪಿದೆ. ಆದರೆ ನಾನು ಕೇಳುತ್ತಿರುವುದು ಒಳಾಂಗಣ ಕ್ರೀಡಾಂಗಣವನ್ನಲ್ಲ, ಮರದ ನೆಲವನ್ನಲ್ಲ. ನಾನು ಕೇಳುತ್ತಿರುವುದು ಇನ್ನೊಂದು ಪಂದ್ಯ. ಅದು ಹಣದ ಪ್ರಶ್ನೆಗಿಂತ ಮೊದಲು ವೇಳಾಪಟ್ಟಿಯ ಪ್ರಶ್ನೆ.

ಲೆಕ್ಕ ಮಾಡೋಣ. ಆಗ ಬೀದರ್ ಜಿಲ್ಲೆಯಲ್ಲಿ ಐದು ತಾಲ್ಲೂಕು: ಬೀದರ್, ಔರಾದ್, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್. ತಾಲ್ಲೂಕಿಗೊಂದು ತಂಡವೆಂದರೆ ಐದು ತಂಡ. ನಾಕೌಟ್ ಮಾಡಿದರೆ ನಾಲ್ಕು ಪಂದ್ಯಕ್ಕೆ ಕಥೆ ಮುಗಿಯಿತು. ಮೂರು ತಂಡಕ್ಕೆ ಮೊದಲ ಸುತ್ತಿನಲ್ಲಿ ಬೈ. ಕನಿಷ್ಠ ಎರಡು, ಬಹಳ ಸಲ ಮೂರು ತಂಡ ಒಂದೇ ಪಂದ್ಯ ಆಡಿ ಮನೆಗೆ. ಬೈ ಸಿಕ್ಕ ತಂಡ ಒಂದೇ ಪಂದ್ಯ ಗೆದ್ದು ಫೈನಲ್ಲಿಗೂ ಬರಬಹುದು. ಚೀಟಿ ಎತ್ತಿದವರ ಕೈಗುಣ.

ಅದೇ ಐದು ತಂಡ ಪರಸ್ಪರ ಒಂದೊಂದು ಸಲ ಆಡಿದರೆ ಒಟ್ಟು ಹತ್ತು ಪಂದ್ಯ. ಹತ್ತು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ, ತಂಡಗಳು ಒಳಹೊರಗಾಗಲು ಇನ್ನೈದು: ಒಂದು ಪಂದ್ಯಕ್ಕೆ ಅರ್ಧ ಗಂಟೆ. ಹತ್ತು ಪಂದ್ಯಕ್ಕೆ ಐದು ತಾಸು. ಒಂದೇ ಅಂಕಣದಲ್ಲಿ, ಒಂದೇ ದಿನದಲ್ಲಿ. ಅಂದರೆ ನಾವು ಹನ್ನೆರಡು ಹುಡುಗಿಯರು ಬೇವಿನ ಗಿಡದ ಕೆಳಗೆ ಕೂತ ಆ ಐದು ತಾಸಿನಲ್ಲೇ ಎಲ್ಲ ತಂಡಗಳೂ ಎಲ್ಲರೊಡನೆ ಆಡಿ ಮುಗಿಸಬಹುದಿತ್ತು. ನಾನು ಒಂದು ಸೋಲಿನ ಬದಲು ನಾಲ್ಕು ಪಂದ್ಯ ಹೊತ್ತು ಮನೆಗೆ ಹೋಗುತ್ತಿದ್ದೆ. ಬಹುಶಃ ನಾಲ್ಕೂ ಸೋಲುತ್ತಿದ್ದೆವು. ಸೋಲಲಿ. ನಾಲ್ಕು ಸಲ ಸೋತವಳಿಗೆ ತಾನು ಎಲ್ಲಿ ನಿಲ್ಲಬೇಕಿತ್ತು ಎಂಬುದಾದರೂ ತಿಳಿದಿರುತ್ತದೆ.

ಮಕ್ಕಳು ದಣಿಯುತ್ತಾರೆ ಎನ್ನುವಿರಾ? ಹ್ಯಾಂಡ್‌ಬಾಲಿನಲ್ಲಿ ಬದಲಿ ಆಟಗಾರರು ಎಷ್ಟು ಸಲ ಬೇಕಾದರೂ ಒಳಗೆ ಬರಬಹುದು, ಹೊರಗೆ ಹೋಗಬಹುದು. ರೆಫರಿಯ ಅಪ್ಪಣೆಯೂ ಬೇಡ. ಅಂಕಣದಲ್ಲಿ ಏಳು ಜನ, ಟೆಂಪೋದಲ್ಲಿ ಬಂದವರು ಹನ್ನೆರಡು. ನಮ್ಮ ಆ ಒಂದೇ ಪಂದ್ಯದಲ್ಲಿ ಉಳಿದ ಐವರಲ್ಲಿ ಮೂವರು ಒಂದು ನಿಮಿಷವೂ ಆಡಲಿಲ್ಲ. ಒಂದೇ ಅವಕಾಶವಿದ್ದಾಗ ಯಾವ ಸರ್ ತಾನೇ ಕಲಿಯುವವರನ್ನು ಇಳಿಸುವ ಧೈರ್ಯ ಮಾಡುತ್ತಾರೆ? ನಾಕೌಟ್ ಸೋತ ತಂಡವನ್ನಷ್ಟೇ ಹೊರಗಿಡುವುದಿಲ್ಲ, ತಂಡದೊಳಗಿನ ಹಿಂಜರಿಯುವ ಮಗುವನ್ನೂ ಹೊರಗಿಡುತ್ತದೆ. ಐದು ಗಂಟೆಗೆ ಎದ್ದು, ಹೊಸ ಬೂಟಿಗೆ ಅಪ್ಪನ ಹತ್ತಿರ ಜಗಳವಾಡಿ, ನಲವತ್ತು ಕಿಲೋಮೀಟರ್ ಬಂದು, ಆ ಬೂಟಿಗೆ ಮಣ್ಣೇ ಮೆತ್ತಿಕೊಳ್ಳದೆ ವಾಪಸ್ ಹೋದ ಮೂವರು ನಮ್ಮ ತಂಡದಲ್ಲಿದ್ದರು.

*

ಎರಡನೇ ಉತ್ತರ ಹಿರಿಯರದು: "ಸೋಲು ಪಾಠ ಕಲಿಸ್ತದ."

ಈ ಮಾತಿಗೆ ನನಗೆ ಅತಿ ಹೆಚ್ಚು ಸಿಟ್ಟು. ಸೋಲು ಪಾಠ ಕಲಿಸಬೇಕಾದರೆ ಕಲಿತದ್ದನ್ನು ಪ್ರಯೋಗಿಸಲು ಒಂದು ಜಾಗ ಬೇಕು. ನನ್ನ ಪಿಎಚ್.ಡಿ.ಯ ಮೊದಲ ಅಧ್ಯಾಯವನ್ನು ಮಾರ್ಗದರ್ಶಕರು ನಾಲ್ಕು ಸಲ ಕೆಂಪು ಗೆರೆ ಎಳೆದು ಹಿಂದಿರುಗಿಸಿದರು. ನಾಲ್ಕೂ ಸಲ ಅತ್ತಿದ್ದೇನೆ. ಐದನೇ ಸಲ ಅದು ಅಧ್ಯಾಯವಾಯಿತು. ಮೊದಲ ಕರಡು ನೋಡಿಯೇ ಅವರು "ನಿಮ್ದು ಮುಗೀತಲ್ಲ" ಅಂದಿದ್ದರೆ ನಾನು ಕಲಿಯುತ್ತಿದ್ದ ಪಾಠ ಒಂದೇ: ನಾನು ಇದಕ್ಕೆ ತಕ್ಕವಳಲ್ಲ. ಮುಂದಿನ ಪಂದ್ಯವಿಲ್ಲದ ಸೋಲು ಕಲಿಸುವ ಪಾಠ ಯಾವಾಗಲೂ ಇದೇ. ಅದನ್ನು ನಮ್ಮ ಭಾಗದ ಮಕ್ಕಳು ಎಷ್ಟು ಚೆನ್ನಾಗಿ ಕಲಿತಿದ್ದಾರೆಂದರೆ ಅವರಿಗೆ ಮತ್ತೆ ಹೇಳಿಕೊಡುವ ಅಗತ್ಯವೇ ಇಲ್ಲ. ಪ್ರತಿ ವರ್ಷ ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಪತ್ರಿಕೆಗಳು ಜಿಲ್ಲೆಗಳ ಪಟ್ಟಿ ಹಾಕುತ್ತವೆ. ನಮ್ಮೂರಿನಲ್ಲಿ ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿ.

ಸ್ವಾರಸ್ಯವೆಂದರೆ, ಪರೀಕ್ಷೆಯ ವಿಷಯದಲ್ಲಿ ನಮ್ಮ ರಾಜ್ಯ ಈ ಮಾತನ್ನು ಆಗಲೇ ಒಪ್ಪಿಕೊಂಡಿದೆ. 2023-24ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಜಾರಿಗೆ ಬಂದವು. ವಿದ್ಯಾರ್ಥಿಗೆ ಯಾವುದರಲ್ಲಿ ಹೆಚ್ಚು ಅಂಕವೋ ಅದೇ ಉಳಿಯುತ್ತದೆ. ಒಂದು ಬೆಳಗಿನ ಮೂರು ತಾಸಿನಿಂದ ಮಗುವಿನ ವರ್ಷವನ್ನು ಅಳೆಯಬಾರದು ಎಂಬುದೇ ಅದರ ಹಿಂದಿನ ತಿಳಿವಳಿಕೆ. ಗಣಿತಕ್ಕೆ ಮೂರು ಅವಕಾಶ ಕೊಟ್ಟ ವ್ಯವಸ್ಥೆ ಆಟಕ್ಕೆ ಎರಡು ಕೊಡಲಾರದೇ? ಗಣಿತದಲ್ಲಿ ಫೇಲಾದವಳನ್ನು ಮತ್ತೆ ಕರೆಯುವ ನಾವು, ಚೆಂಡು ಹಿಡಿಯುವಲ್ಲಿ ತಪ್ಪಿದವಳನ್ನು ಮಾತ್ರ ಯಾಕೆ ಮರೆತುಬಿಡುತ್ತೇವೆ?

ಉತ್ತರ ನನಗೆ ಗೊತ್ತು. ಶಾಲಾ ಕ್ರೀಡಾಕೂಟವನ್ನು ನಾವು ಮಕ್ಕಳು ಆಡಲಿ ಎಂದು ನಡೆಸುವುದಿಲ್ಲ. ಮುಂದಿನ ಹಂತಕ್ಕೆ ಹೆಸರು ಕಳಿಸಲು ನಡೆಸುತ್ತೇವೆ. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ವಿಭಾಗದಿಂದ ರಾಜ್ಯಕ್ಕೆ. ಪ್ರತಿ ಹಂತದಲ್ಲೂ ಒಂದು ಪಟ್ಟಿ ಹೋಗಬೇಕು, ಆದಷ್ಟು ಬೇಗ ಹೋಗಬೇಕು. ಜರಡಿ ಹಿಡಿಯುವವನಿಗೆ ಕೆಳಗೆ ಬಿದ್ದದ್ದರ ಚಿಂತೆ ಇರುವುದಿಲ್ಲ. ಆದರೆ ಕೆಳಗೆ ಬಿದ್ದದ್ದೇ ಹೆಚ್ಚು. ಒಂದು ಜಿಲ್ಲೆಯಲ್ಲಿ ಹ್ಯಾಂಡ್‌ಬಾಲ್ ಬೆಳೆಯುವುದು ವಿಭಾಗಮಟ್ಟಕ್ಕೆ ಹೋದ ಹನ್ನೆರಡು ಜನರಿಂದಲ್ಲ. ಹೋಗದೆ ಉಳಿದು ಮರುದಿನವೂ ಶಾಲೆಯ ಅಂಗಳದಲ್ಲಿ ಚೆಂಡು ಎಸೆಯುವ ನೂರು ಜನರಿಂದ. ಈ ಆಟ ಹುಟ್ಟಿದ್ದೇ ಶಾಲೆಯ ಅಂಗಳದಲ್ಲಿ. ಡೆನ್ಮಾರ್ಕಿನ ಓರ್‌ಡ್ರುಪ್ ಎಂಬಲ್ಲಿ ಹೋಲ್ಗರ್ ನೀಲ್ಸನ್ ಎಂಬ ಶಿಕ್ಷಕರು 1898ರ ಹೊತ್ತಿಗೆ ತಮ್ಮ ಮಕ್ಕಳಿಗೆ ಇದನ್ನು ಆಡಿಸತೊಡಗಿದರು, 1906ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದರು. ಕಾಲ್ಚೆಂಡಿನಿಂದ ಕಿಟಕಿಯ ಗಾಜು ಒಡೆಯುತ್ತಿದ್ದವು, ಅದಕ್ಕೇ ಕೈಚೆಂಡು ಬಂತು ಎಂಬ ಕಥೆಯೂ ಇದೆ. ಯಾರನ್ನೂ ಆರಿಸಿ ಕಳಿಸಲು ಹುಟ್ಟಿದ ಆಟವಲ್ಲ ಇದು.

*

ಇನ್ನು ಸ್ವಂತ ಊರಿನ ವಿಷಯ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು.

ನನ್ನ ಅವ್ವ ನಾನು ಗೋಲಿನಲ್ಲಿ ನಿಂತದ್ದನ್ನು ಒಮ್ಮೆಯೂ ನೋಡಿಲ್ಲ. ನನ್ನೊಡನೆ ಆಡಿದ ಯಾವ ಹುಡುಗಿಯ ಅವ್ವನೂ ನೋಡಿಲ್ಲ. ನೋಡುವುದು ಹೇಗೆ? ಆಟ ನಡೆಯುವುದು ಬೀದರಿನಲ್ಲಿ. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಬೆಳಿಗ್ಗೆ ಹನ್ನೊಂದಕ್ಕೆ ಯಾವ ಅವ್ವ ಬೀದರಿಗೆ ಬರುತ್ತಾಳೆ? ಹಾಗಾಗಿ ಮಗಳ ಆಟವೆಂದರೆ ಅವಳಿಗೆ ಒಂದು ಕೆಂಪು ಬನಿಯನ್, ಸಂಜೆ ತಡವಾಗಿ ಬರುವ ಟೆಂಪೋ, ಓಣಿಯವರ ಪ್ರಶ್ನೆ, ಅಷ್ಟೇ. ಹತ್ತನೇ ತರಗತಿಗೆ ಬಂದಾಗ "ಈ ಆಟಗೀಟ ಸಾಕು" ಎಂದು ಮನೆಯಲ್ಲಿ ಹೇಳಿದರೆ ಆಶ್ಚರ್ಯವೇನು? ತಾವು ನೋಡದೇ ಇದ್ದದ್ದನ್ನು ಅವರು ಯಾಕೆ ಕಾಪಾಡಬೇಕು?

ಈಗ ಎರಡು ಪಂದ್ಯದ ಪದ್ಧತಿ ಊಹಿಸಿಕೊಳ್ಳಿ. ಒಂದು ಶನಿವಾರ ಔರಾದಿನ ತಂಡ ಭಾಲ್ಕಿಗೆ ಹೋಗುತ್ತದೆ. 9-7ರಿಂದ ಸೋಲುತ್ತದೆ. ಮುಂದಿನ ಶನಿವಾರ ಭಾಲ್ಕಿಯವರು ಔರಾದಿಗೆ ಬರುತ್ತಾರೆ. ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದಿದೆ. ಸಂತೆಗೆ ಬಂದವರು ನಿಂತು ನೋಡುತ್ತಾರೆ. ಕಾಂಪೌಂಡಿನ ಮೇಲೆ ಹುಡುಗರು ಕೂತಿದ್ದಾರೆ. ಮೂರು ಗೋಲಿನ ಅಂತರದಲ್ಲಿ ಗೆದ್ದರೆ ನಾವು ಮುಂದೆ ಎಂಬ ಲೆಕ್ಕ ಚಹಾದಂಗಡಿಯವನಿಗೂ ಗೊತ್ತು. ಕಲಬುರಗಿಗೋ ಬೆಂಗಳೂರಿಗೋ ಹೋಗಿ ಮೆಡಲ್ ತಂದರೆ ಮಾತ್ರ ಮಗಳು ಕಾಣುವ ಊರು, ಅವತ್ತು ಅವಳನ್ನು ಆಡುತ್ತಿರುವಾಗಲೇ ಕಾಣುತ್ತದೆ. ಟೆಂಪೋ ಬಾಡಿಗೆ? ಎರಡೂ ಪದ್ಧತಿಯಲ್ಲಿ ಟೆಂಪೋ ಹೋಗಲೇಬೇಕು. ಔರಾದಿನಿಂದ ಬೀದರ್ ಎಷ್ಟು ದೂರವೋ ಭಾಲ್ಕಿಯೂ ಹೆಚ್ಚುಕಡಿಮೆ ಅಷ್ಟೇ.

ದೊಡ್ಡವರ ಆಟದಲ್ಲೂ ನಾವು ಇದೇ ತಪ್ಪು ಮಾಡಿದ್ದೇವೆ. 2023ರ ಜೂನಿನಲ್ಲಿ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್ ಶುರುವಾಯಿತು. ಆರು ತಂಡ. ಮಹಾರಾಷ್ಟ್ರದ ಹೆಸರಿನಲ್ಲಿ ಐರನ್‌ಮೆನ್ ಇತ್ತು, ತೆಲುಗಿನ ಹೆಸರಿನಲ್ಲಿ ಟ್ಯಾಲನ್ಸ್ ಇತ್ತು. ಬೀದರಿನ ಎರಡೂ ಗಡಿಗಳಾಚೆ ತಂಡವಿತ್ತು, ಕರ್ನಾಟಕಕ್ಕೆ ಇರಲಿಲ್ಲ. ಅದು ಬಿಡಿ, ಆರೂ ತಂಡ ಆಡಿದ್ದು ಜೈಪುರದ ಒಂದೇ ಒಳಾಂಗಣದಲ್ಲಿ. ಮಹಾರಾಷ್ಟ್ರ ಐರನ್‌ಮೆನ್ ಕಪ್ ಗೆದ್ದಿತು, ಮಹಾರಾಷ್ಟ್ರದಲ್ಲಿ ಒಂದೂ ಪಂದ್ಯ ಆಡದೆ. ಊರಿನ ಹೆಸರು ಬೇಕು, ಊರು ಬೇಡ ಎಂಬ ಈ ಪದ್ಧತಿ ಟಿವಿಗೆ ಅನುಕೂಲ. ಊರಿನ ಹುಡುಗ ಅದನ್ನು ನೋಡಿ ಚೆಂಡು ಹಿಡಿಯುತ್ತಾನೆ ಎಂದು ನನಗನ್ನಿಸುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2022ರ ಮಾರ್ಚಿನಲ್ಲಿ ಕಜಾಕಸ್ತಾನದ ಅಲ್ಮಾಟಿಯಲ್ಲಿ ನಡೆದ ಏಷ್ಯನ್ ಜೂನಿಯರ್ ಮಹಿಳಾ ಹ್ಯಾಂಡ್‌ಬಾಲ್ ಚಾಂಪಿಯನ್‌ಶಿಪ್ಪನ್ನು ಭಾರತ ಗೆದ್ದಿತು. ಥಾಯ್ಲೆಂಡನ್ನು 41-18ರಿಂದ ಸೋಲಿಸಿತು. ಕನ್ನಡ ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ನಿಮಗೆ ನೆನಪಿದೆಯೇ? ನನಗಿಲ್ಲ. ಆ ತಂಡಕ್ಕೆ ಹುಡುಗಿಯರನ್ನು ಕೊಟ್ಟ ಜಾಗಗಳಲ್ಲಿ ಒಂದು ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಮೋರ್‌ಸಿಂಘಿ ಎಂಬ ಹಳ್ಳಿ. ಅಲ್ಲಿ ಕೋಚ್ ದಂಪತಿಯೊಬ್ಬರು ನಡೆಸುವ ನರ್ಸರಿಯಲ್ಲಿ ಹುಡುಗಿಯರು ಇದ್ದು, ಉಂಡು, ದಿನಾ ಆಡುತ್ತಾರೆ. ಅಲ್ಲಿನ ಗುಟ್ಟು ಆ 'ದಿನಾ' ಎಂಬ ಮಾತಿನಲ್ಲಿದೆ. ವರ್ಷಕ್ಕೆ ಅರ್ಧ ಗಂಟೆ ಆಡಿದವರು ಅಲ್ಮಾಟಿಗೆ ಹೋಗುವುದಿಲ್ಲ.

ಬೀದರಿನ ನೆಲಕ್ಕೆ ಇದು ಹೊಸ ವಿಚಾರವೂ ಅಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕಥೆ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅವರು ಜಾಣ ಮಕ್ಕಳನ್ನು ಆರಿಸಿ ಉಳಿದವರನ್ನು ವಾಪಸ್ ಕಳಿಸಲಿಲ್ಲ. ಬಂದವರಿಗೆಲ್ಲ ಉಣ್ಣಲಿಕ್ಕಿ, ಅಕ್ಷರ ತಿದ್ದಿಸಿದರು. ಈ ಗಡಿಯಲ್ಲಿ ಕನ್ನಡ ಉಳಿದದ್ದು ಹಾಗೆ. ಅಕ್ಷರಕ್ಕೆ ಆದದ್ದು ಆಟಕ್ಕೂ ಆಗಬಹುದು.

*

ಪ್ರಾಮಾಣಿಕವಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಯುರೋಪು ಕೂಡ ತನ್ನ ಎರಡು ಪಂದ್ಯದ ಪದ್ಧತಿಯನ್ನು ಅಲ್ಲಲ್ಲಿ ಬಿಡುತ್ತಿದೆ. ಚಾಂಪಿಯನ್ಸ್ ಲೀಗಿನ ಕೊನೆಯ ಹಂತ 2010ರಿಂದ ಕಲೋನ್ ನಗರದ ದೊಡ್ಡ ಅಖಾಡದಲ್ಲಿ, ನಾಲ್ಕು ತಂಡ, ಒಂದೇ ವಾರಾಂತ್ಯ, ಒಂದೊಂದೇ ಪಂದ್ಯ. ನಾನು ಮೇಲೆ ಹೊಗಳಿದ ಫ್ಲೆನ್ಸ್‌ಬುರ್ಗ್‌ನ 2014ರ ಗೆಲುವೂ ಅಲ್ಲಿನದೇ. ಟಿಕೆಟ್ಟು, ಟಿವಿ, ಪ್ರಾಯೋಜಕರು, ಕಾರಣ ಸ್ಪಷ್ಟ. ಆದರೆ ಅಲ್ಲಿಗೆ ಬಂದ ಆ ನಾಲ್ಕು ತಂಡಗಳು ಅಷ್ಟರಲ್ಲಿ ತಿಂಗಳುಗಟ್ಟಲೆ ಊರೂರಿನಲ್ಲಿ ಆಡಿರುತ್ತವೆ. ಕೊನೆಯ ಮೆಟ್ಟಿಲಿನಲ್ಲಿ ಒಂದೇ ಪಂದ್ಯ ಇರಲಿ, ಅದಕ್ಕೂ ಒಂದು ರೋಮಾಂಚನವಿದೆ. ನಾವು ಮೊದಲ ಮೆಟ್ಟಿಲಿನಲ್ಲೇ ಅದನ್ನು ಇಟ್ಟಿದ್ದೇವೆ. ನಾಕೌಟ್ ಇರಬೇಕಾದ ಜಾಗ ತುದಿ. ನಾವದನ್ನು ಹೊಸ್ತಿಲಿಗೆ ತಂದಿದ್ದೇವೆ.

ಸಾಹಿತ್ಯದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎನ್ನುವವರಿಗೂ ಉತ್ತರ ಕೊಡಬೇಕು. ಇದನ್ನು ಓದುತ್ತಿರುವ ನೀವು ಬಹುಪಾಲು ವಿದ್ಯಾರ್ಥಿಗಳು. ಚರ್ಚಾಸ್ಪರ್ಧೆಗೆಂದು ಇನ್ನೊಂದು ಊರಿನ ಕಾಲೇಜಿಗೆ ಹೋಗಿ, ನಾಲ್ಕು ನಿಮಿಷ ಮಾತಾಡಿ, ಗಂಟೆ ಬಾರಿಸಿದ ಮೇಲೆ ಕೆಳಗಿಳಿದು, ತೀರ್ಪುಗಾರರು ಏನು ಬರೆದುಕೊಂಡರು ಎಂಬುದು ಎಂದೂ ತಿಳಿಯದೆ ಬಸ್ಸು ಹತ್ತಿದವರು ನಿಮ್ಮಲ್ಲಿ ಎಷ್ಟು ಜನ? ಕಥಾಸ್ಪರ್ಧೆಗೆ ಕಳಿಸಿದ ಕಥೆಗೆ ಒಂದು ಸಾಲಿನ ಮಾತೂ ವಾಪಸ್ ಬರದೆ, ಮತ್ತೆ ಕಥೆಯನ್ನೇ ಬರೆಯದವರು ಎಷ್ಟು ಜನ? ನಾವೂ ಕ್ರೀಡಾಕೂಟದ ಅದೇ ಹಾಳೆಯನ್ನು ತಂದು ನಮ್ಮ ಗೋಡೆಗೆ ಅಂಟಿಸಿಕೊಂಡಿದ್ದೇವೆ. ಪ್ರಥಮ, ದ್ವಿತೀಯ, ತೃತೀಯ, ಸಮಾಧಾನಕರ. ಮುಂದಿನ ಸಲ ನೀವು ಒಂದು ಸ್ಪರ್ಧೆ ನಡೆಸುವವರಾದರೆ ಬಹುಮಾನದ ಮೊತ್ತ ಅರ್ಧ ಮಾಡಿ, ಸೋತ ಕಥೆಗಳ ಮೇಲೆ ಎರಡೆರಡು ಸಾಲು ಬರೆದು ಕಳಿಸಿ. ಎರಡನೇ ಪಂದ್ಯ ಎಂದರೆ ಅದೇ.

ನಮ್ಮ ತಂಡದಲ್ಲಿ ಒಬ್ಬಳು ಎಡಚಿ ಇದ್ದಳು. ಆ ಏಳು ಗೋಲಿನಲ್ಲಿ ಐದು ಅವಳದು. ಎಡಗೈಯಲ್ಲಿ ಉಂಡರೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದವಳು ಎಡಗೈಯಲ್ಲಿ ಎಸೆದಾಗ ಮಾತ್ರ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಹ್ಯಾಂಡ್‌ಬಾಲಿನಲ್ಲಿ ಅಂಕಣದ ಬಲಬದಿಯಿಂದ ಗೋಲಿಗೆ ಎಸೆಯಲು ಎಡಗೈಯವರಿಗೇ ಒಳ್ಳೆಯ ಕೋನ ಸಿಗುತ್ತದೆ, ಯುರೋಪಿನ ಕ್ಲಬ್‌ಗಳು ಅಂಥವರನ್ನು ಹುಡುಕಿಕೊಂಡು ಹೋಗುತ್ತವೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅವಳಿಗೆ ಯಾರೂ ಹೇಳಲಿಲ್ಲ. ಹತ್ತನೇ ತರಗತಿ ಮುಗಿದ ಮೇಲೆ ಶಾಲೆ ಬಿಟ್ಟಳು, ಆಮೇಲೆ ಮದುವೆಯಾಗಿ ಗಡಿಯಾಚೆಯ ಹಳ್ಳಿಗೆ ಹೋದಳು. ಹೋದ ದೀಪಾವಳಿಗೆ ತವರಿಗೆ ಬಂದಾಗ ಸಿಕ್ಕಿದ್ದಳು. ನಾನು ಈ ಯುರೋಪಿನ ಕಥೆಯೆಲ್ಲ ಹೇಳಿದೆ: ಮೊದಲ ಪಂದ್ಯ ಅವರ ಊರಿನಲ್ಲಿ, ಎರಡನೆಯದು ನಮ್ಮೂರಿನಲ್ಲಿ, ಗೋಲು ಕೂಡಿಸಿ ಲೆಕ್ಕ.

ಮಗಳ ಜಡೆ ಹಾಕುತ್ತ ಕೇಳಿಸಿಕೊಂಡಳು. "ಹಂಗಾದ್ರ ನಮ್ದು ಇನ್ನಾ ಒಂದು ಉಳಿದದ ಅನ್ನು" ಅಂದಳು.

ಹದಿಮೂರು ವರ್ಷ ಆಗಿತ್ತು. ಅವಳಿಗೆ ಸ್ಕೋರು ನೆನಪಿತ್ತು. ಎಷ್ಟು ಗೋಲಿನಿಂದ ಗೆಲ್ಲಬೇಕು ಎಂದು ನಾನು ಹೇಳುವ ಮೊದಲೇ "ಮೂರು" ಅಂದಳು.

ಅವಳ ಮಗಳೂ ಎಡಚಿ. ಆ ಹುಡುಗಿ ಇನ್ನು ಕೆಲವು ವರ್ಷಕ್ಕೆ ಯಾವುದೋ ಟೆಂಪೋ ಹತ್ತುತ್ತಾಳೆ. ಅಷ್ಟರಲ್ಲಿ ಗೋಡೆಯ ಮೇಲಿನ ಹಾಳೆ ಬದಲಾಗಬೇಕು. ಅದಕ್ಕೆ ಬೇಕಾದದ್ದು ಒಂದು ಪೆನ್ನು, ಒಂದು ಸ್ಕೇಲು, ಸೋತವರ ಬಗ್ಗೆಯೂ ಯೋಚಿಸುವ ಅರ್ಧ ಗಂಟೆ.